ಬೋಳಾರದ ನೀರಿಗೆ ಬಿದ್ದ ಕಲ್ಲು

ಮಟಿಲ್ಡಾ ಟೀಚರಿಗೆ ಕಲ್ಲೆಂದರೆ ಪ್ರಾಣ ಎಂದು ನಾವು ಹುಡುಗಿಯರು ಹಿಂದಿನಿಂದ ನಗುತ್ತಿದ್ದೆವು. ಸನ್ನೆಗೋಲು, ಆಮ್ಲಜನಕ, ಕಪ್ಪೆಯ ಹೃದಯ ಎಲ್ಲವನ್ನೂ ಅವರು ಚೆನ್ನಾಗಿಯೇ ಕಲಿಸುತ್ತಿದ್ದರು. ಆದರೆ ಪಾಠದಲ್ಲಿ ಎಲ್ಲಾದರೂ ಬೆಟ್ಟ, ಗಣಿ, ಜ್ವಾಲಾಮುಖಿ ಎಂಬ ಶಬ್ದ ಬಂದರೆ ಅವರ ಸ್ವರವೇ ಬೇರೆಯಾಗುತ್ತಿತ್ತು. ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿಟಕಿಯಾಚೆ ದೂರದಲ್ಲೆಲ್ಲೋ ನೋಡುತ್ತ ಹೇಳುತ್ತಲೇ ಇರುತ್ತಿದ್ದರು.

ಅವರು ಕುಲಶೇಖರದವರು. ತಂದೆ ಬೇಗ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ಗೆರ್ಟ್ರೂಡ್ ಬಾಯಿ ಮತ್ತು ಅವರು, ಇಬ್ಬರೇ. ಹುಡುಗಿ ಓದಿನಲ್ಲಿ ಚುರುಕೆಂದು ಸೋದರಮಾವ ಮದರಾಸಿಗೆ ಕಳುಹಿಸಿ ಓದಿಸಿದರು. ಅಲ್ಲಿ ಅವರು ಆರಿಸಿಕೊಂಡದ್ದು ಭೂವಿಜ್ಞಾನ. ಸೇಲಂ ಕಡೆಯ ಗುಡ್ಡಗಳಿಗೆ ತರಗತಿಯವರ ಜೊತೆ ಹೋಗಿ, ಬಿಸಿಲಲ್ಲಿ ಸುತ್ತಿಗೆ ಹಿಡಿದು ಬಂಡೆ ಒಡೆದು, ಯಾವುದೋ ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಲಗಿದ ಆ ಕೆಲವು ವಾರಗಳ ಬಗ್ಗೆ ಅವರು ಹೇಳುವಾಗ, ಬೇರೆ ಹೆಂಗಸರು ತಮ್ಮ ಮದುವೆಯ ದಿನಗಳ ಬಗ್ಗೆ ಹೇಳಿದಂತೆ ಕೇಳಿಸುತ್ತಿತ್ತು. ಪದವಿ ಮುಗಿಸಿ ಒಂದು ಗಣಿ ಕಂಪೆನಿಗೆ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆದ ಮ್ಯಾನೇಜರು ಮರ್ಯಾದೆಯಿಂದ ಚಹಾ ಕೊಟ್ಟು, “ನಮ್ಮದು ಕಾಡಿನಲ್ಲಿ ಡೇರೆ ಹಾಕಿಕೊಂಡು ಮಾಡುವ ಕೆಲಸ. ಡೇರೆಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿಲ್ಲ” ಎಂದು ಹೇಳಿ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮತ್ತೆರಡು ಕಡೆಯೂ ಹೀಗೇ ಆಯಿತು. ಟೀಚರ್ ಊರಿಗೆ ಬಂದು ಶಾಲೆಗೆ ಸೇರಿದರು.

ಮಂಗಳೂರಿನಲ್ಲಿ ಎಲ್ಲಿ ಅಗೆದರೂ ಸಿಗುವುದು ಕೆಂಪು ಮುರಕಲ್ಲು. ಅದರ ಕೆಳಗೆ ಜೇಡಿ, ಹೊಳೆಯ ಬದಿಗೆ ಹೋದರೆ ಹೊಯಿಗೆ, ಎಂದರೆ ಮರಳು, ಮತ್ತು ಹಂಚಿಗಾಗುವ ಆವೆಮಣ್ಣು. “ಇಲ್ಲಿ ಕಲ್ಲೇ ಇಲ್ಲ ಮಾಂಯ್” ಎಂದು ಮಗಳು ನಿಟ್ಟುಸಿರಿಟ್ಟರೆ ಗೆರ್ಟ್ರೂಡ್ ಬಾಯಿ, “ಇಡೀ ಊರು ಕಲ್ಲಿನಲ್ಲಿ ಕಟ್ಟಿದ್ದು. ಇನ್ನು ಎಂಥ ಕಲ್ಲು ಬೇಕು ನಿನಗೆ?” ಎಂದು ಕೇಳುತ್ತಿದ್ದರು. ನೋಡಲು ಬಂದ ಗಂಡುಗಳೂ ಇದ್ದರು. ಬಹರೈನಿನಲ್ಲಿ ಕೆಲಸದಲ್ಲಿದ್ದ ಒಬ್ಬರಿಗೆ ಟೀಚರ್ ಕೇಳಿದ ಒಂದೇ ಪ್ರಶ್ನೆ, ಅಲ್ಲಿ ಎಂಥ ಬಂಡೆಗಳುಂಟು ಎಂದು. ಅವರು ಮತ್ತೆ ಬರಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ೧೯೫೮ರ ಫೆಬ್ರವರಿಯ ಒಂದು ಮಧ್ಯಾಹ್ನ, ನಾವು ಕೊನೆಯ ಪೀರಿಯಡ್ಡಿನಲ್ಲಿ ತೂಕಡಿಸುತ್ತಿದ್ದಾಗ, ತೋಪು ಹಾರಿಸಿದ ಹಾಗೆ ಮೂರು ಸಲ ಸದ್ದಾಯಿತು. ಕಿಟಕಿಯ ಗಾಜುಗಳು ನಡುಗಿದವು. ಆಮೇಲೆ ಆಕಾಶದಲ್ಲಿ ಗಾಡಿ ಉರುಳಿಹೋದಂತೆ ಉದ್ದವಾದ ಗುಡುಗು. ಹಂಚಿನ ಕಾರ್ಖಾನೆಯ ಬಾಯ್ಲರು ಒಡೆಯಿತೆಂದು ಯಾರೋ ಕೂಗಿದರು. ನಾವೆಲ್ಲ ಅಂಗಳಕ್ಕೆ ಓಡಿದೆವು. ಮೋಡವೇ ಇಲ್ಲದ ಆಕಾಶದಲ್ಲಿ, ಈಶಾನ್ಯದಿಂದ ನೈಋತ್ಯಕ್ಕೆ, ಬಿಳಿ ಹೊಗೆಯ ಒಂದು ಗೆರೆ. ನೋಡುತ್ತಿದ್ದಂತೆ ಅದು ಗಾಳಿಗೆ ಬಾಗಿ, ಹಗ್ಗ ಸಡಿಲಾದ ಹಾಗೆ ಸುರುಳಿಯಾಯಿತು. ಮಟಿಲ್ಡಾ ಟೀಚರ್ ನಮ್ಮ ನಡುವೆ ನಿಂತಿದ್ದರು. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಸಂಜೆ ಟೀಚರ್ ಮನೆಗೆ ಹೋದರೆ ಗೆರ್ಟ್ರೂಡ್ ಬಾಯಿ ಸಿಟ್ಟಿನಲ್ಲಿದ್ದರು. ಅಂಗಳದ ಚಾಪೆಯಲ್ಲಿ ಒಣಹಾಕಿದ್ದ ಕುಚಲಕ್ಕಿಯ ನಡುವೆ ಯಾರೋ ಕಪ್ಪು ಕಲ್ಲು ಎಸೆದಿದ್ದರು.

“ಕಾಗೆಯ ಕೆಲಸವೋ, ಮಕ್ಕಳದೋ ಗೊತ್ತಿಲ್ಲ. ನೋಡು, ಚಾಪೆಯೂ ಹರಿದಿದೆ.”

ನೆಲ್ಲಿಕಾಯಿಯಷ್ಟು ದೊಡ್ಡ ಕಲ್ಲು. ಸುಟ್ಟ ತೆಂಗಿನ ಚಿಪ್ಪಿನಂಥ ತೆಳು ಕಪ್ಪು ಸಿಪ್ಪೆ. ಗಾತ್ರಕ್ಕೆ ಮೀರಿದ ಭಾರ. ಒಂದು ಮೂಲೆ ಚಕ್ಕೆಯೆದ್ದು ಒಳಗಿನ ಬೂದುಬಣ್ಣ ಕಾಣುತ್ತಿತ್ತು. ಅದರಲ್ಲಿ ಸೂಜಿಮೊನೆಯಂಥ ಲೋಹದ ಕಣಗಳು ಮಿನುಗುತ್ತಿದ್ದವು. ಟೀಚರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಕ್ಕಿಯ ಚಾಪೆಯ ಮೇಲೆಯೇ ಕುಳಿತುಬಿಟ್ಟರು. “ಮಾಂಯ್, ಇದು ಮೇಲಿನಿಂದ ಬಂದದ್ದು” ಎಂದರು. ತಾಯಿ ಶಿಲುಬೆಯ ಗುರುತು ಮಾಡಿಕೊಂಡರು. ಮಗಳು ಅಳುತ್ತಿರುವುದನ್ನು ನೋಡಿ ಅವರಿಗೆ ಗಾಬರಿಯಾಯಿತು.

ಮರುದಿನದಿಂದ ಟೀಚರ್ ಹುಡುಕಲು ಹೊರಟರು. ತಂದೆಯ ಊರುಗೋಲಿನ ತುದಿಗೆ ಶಾಲೆಯ ಅಯಸ್ಕಾಂತವನ್ನು ಕಟ್ಟಿಕೊಂಡರು. ಇಂಥ ಕಲ್ಲಿನಲ್ಲಿ ಕಬ್ಬಿಣ ಹೇರಳವಾಗಿರುವುದರಿಂದ ಅಯಸ್ಕಾಂತ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಇಲ್ಲಿಯ ಮುರಕಲ್ಲಿನ ಹರಳುಗಳೂ ಕಪ್ಪಗೆ, ಭಾರವಾಗಿ ಇರುತ್ತವೆ. ಅವುಗಳಲ್ಲೂ ಕೆಲವು ಅಯಸ್ಕಾಂತಕ್ಕೆ ಚೂರು ಅಂಟುತ್ತವೆ. ಎಷ್ಟೋ ಸಲ ಬಗ್ಗಿ ಹೆಕ್ಕಿ, ಒರೆಸಿ ನೋಡಿ, ಬಿಸಾಡಬೇಕಾಗುತ್ತಿತ್ತು. ಸುಗ್ಗಿ ಕೊಯ್ದು ಒಣಗಿದ್ದ ಗದ್ದೆಗಳಲ್ಲಿ ಶಾಲೆ ಬಿಟ್ಟ ಮೇಲೆ, ಶನಿವಾರ, ಭಾನುವಾರ ಅವರು ನಡೆದೇ ನಡೆದರು. ಮಳೆಗಾಲ ಬರುವ ಮೊದಲು ಹೆಕ್ಕಲೇಬೇಕು, ನಮ್ಮ ಊರಿನ ತೇವಕ್ಕೆ ಈ ಕಲ್ಲು ಒಳಗಿನಿಂದ ತುಕ್ಕು ಹಿಡಿದು ಪುಡಿಯಾಗುತ್ತದೆ ಎಂಬ ಚಿಂತೆ ಅವರಿಗೆ. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಪಾದ್ರಿಗಳು, ಕಪ್ಪು ಕಲ್ಲು ಸಿಕ್ಕಿದವರು ಟೀಚರಿಗೆ ತೋರಿಸಬೇಕೆಂದು ಹೇಳಿದರು. ಜನ ಚೀಲಗಟ್ಟಲೆ ತಂದರು. ಹೆಚ್ಚಿನದೆಲ್ಲ ಮುರಕಲ್ಲು, ರೈಲಿನ ಕರಿಬೂದಿ. ನಡುವೆ ಒಂದೆರಡು ನಿಜವಾದವು.

ಅತ್ತಾವರದಲ್ಲಿ ಶೀನಪ್ಪ ಎಂಬವರ ಹೋಟೆಲಿನ ಮಾಡಿನ ಹಂಚು ಒಡೆದು ಮುಷ್ಟಿಗಾತ್ರದ ಒಂದು ಕಲ್ಲು ಅಡುಗೆಮನೆಗೆ ಬಿದ್ದಿತ್ತು. ಶೀನಪ್ಪ ಅದಕ್ಕೆ ಕುಂಕುಮ ಹಚ್ಚಿ, ಗಲ್ಲಾಪೆಟ್ಟಿಗೆಯ ಬದಿಯಲ್ಲಿ ಗಾಜಿನ ಭರಣಿಯೊಳಗೆ ಇಟ್ಟಿದ್ದರು. ನೋಡಲು ಬರುವವರಿಂದ ಹೋಟೆಲಿಗೆ ಒಳ್ಳೆಯ ವ್ಯಾಪಾರ.

“ಇದನ್ನು ಕೊಡ್ಲಿಕ್ಕೆ ಆಗುದಿಲ್ಲ ಟೀಚರ್ರೇ. ನನ್ನ ಮಾಡು ಒಡೆದು ಬಂದದ್ದು. ನನ್ನನ್ನೇ ಹುಡುಕಿಕೊಂಡು ಬಂದ ಹಾಗೆ ಅಲ್ವಾ?”

“ಕೊಡುವುದು ಬೇಡ. ಒಮ್ಮೆ ಮುಟ್ಟಿ ನೋಡ್ಲಾ?”

ಟೀಚರ್ ಭರಣಿಯಿಂದ ತೆಗೆದು ತಿರುಗಿಸಿ ನೋಡಿದರು. ನೋಡುತ್ತ ನೋಡುತ್ತ, ಅದು ಸುಟ್ಟದ್ದು ಹೇಗೆ, ಎಲ್ಲಿಂದ ಬಂದಿರಬಹುದು, ಅದರ ಒಳಗಿನ ಕಬ್ಬಿಣ ಯಾಕೆ ನಮ್ಮ ಕಬ್ಬಿಣದ ಹಾಗಲ್ಲ ಎಂದು ಹೇಳತೊಡಗಿದರು. ಗೋಳಿಬಜೆ ತಿನ್ನುತ್ತಿದ್ದವರು ಎದ್ದು ಬಂದು ಸುತ್ತ ನಿಂತರು. ಹತ್ತಿರದ ಆಸ್ಪತ್ರೆಯ ನರ್ಸುಗಳು, ಮೆಡಿಕಲ್ ಓದುವ ಹುಡುಗರು ಕೂಡ. ಟೀಚರ್ ಮಾತು ನಿಲ್ಲಿಸಿದಾಗ ಶೀನಪ್ಪ ಕಲ್ಲನ್ನು ತಮ್ಮ ಕೈಗೆ ತೆಗೆದುಕೊಂಡರು.

“ಇಲ್ಲಿಟ್ಟರೆ ಎಂತ ಆಗ್ತದೆ ಇದಕ್ಕೆ?”

“ಎರಡು ಮಳೆಗಾಲ ಕಳೆದರೆ ತುಕ್ಕು.”

“ಹಾಗಾದ್ರೆ ತಕ್ಕೊಂಡು ಹೋಗಿ ಮಾರಾಯ್ರೇ. ಮನೆಗೆ ಬಂದವರನ್ನು ಸಾಯ್ಲಿಕ್ಕೆ ಬಿಡುದಾ?”

ಅಷ್ಟರಲ್ಲಿ ಪತ್ರಿಕೆಯ ಸುದ್ದಿ ನೋಡಿ ಸರ್ಕಾರದ ಭೂವಿಜ್ಞಾನ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ಆಕಾಶದಿಂದ ಬಿದ್ದ ಕಲ್ಲುಗಳನ್ನು ಕಲ್ಕತ್ತೆಗೆ ಒಯ್ದು ಜೋಪಾನ ಮಾಡುವುದು ಇಲಾಖೆಯ ಕೆಲಸ. ತುಳು ಬಲ್ಲವರೆಂದು ಮದರಾಸಿನಿಂದ ಕಳುಹಿಸಿದ್ದ ಅವರ ಹೆಸರು ಮೋಹನದಾಸ, ಮುಲ್ಕಿ ಕಡೆಯವರು. ಕುಲಶೇಖರದ ಮನೆಯ ಮೆಟ್ಟಿಲಲ್ಲಿ ಟೀಚರನ್ನು ಕಂಡು ಅವರು ನಿಂತಲ್ಲೇ ನಿಂತರು.

“ಮಟಿಲ್ಡಾ! ನೀವಾ? ಪತ್ರಿಕೆಯಲ್ಲಿ ಬರೀ ‘ಓರ್ವ ಶಿಕ್ಷಕಿ’ ಅಂತ ಇತ್ತು.”

ಮದರಾಸಿನಲ್ಲಿ ಅವರು ಟೀಚರಿಗಿಂತ ಒಂದು ವರ್ಷ ಕೆಳಗಿನ ತರಗತಿಯವರು. ಅದೇ ಪ್ರಾಧ್ಯಾಪಕರ ಕೈಕೆಳಗೆ ಅದೇ ಪಾಠ ಓದಿದವರು. ಈಗ ಅವರ ಹೆಗಲಿನಲ್ಲಿ ಇಲಾಖೆಯ ಚರ್ಮದ ಚೀಲ, ಸೊಂಟದಲ್ಲಿ ಸುತ್ತಿಗೆ. ಟೀಚರ್ ಆ ಸುತ್ತಿಗೆಯನ್ನು ನೋಡಿದರು, ಮತ್ತೆ ಬೇರೆ ಕಡೆ ನೋಡಿದರು. “ಬನ್ನಿ, ಕಲ್ಲು ಒಳಗುಂಟು” ಎಂದರು.

ಮೋಹನದಾಸರು ಒಳ್ಳೆಯ ಮನುಷ್ಯ. ಹಾಸಿಗೆಯ ಮೇಲೆ ಸಾಲಾಗಿ ಇಟ್ಟ ಕಲ್ಲುಗಳನ್ನೂ ಸಿಕ್ಕಿದ ಜಾಗಗಳ ನಕ್ಷೆಯನ್ನೂ ನೋಡಿ, “ನಾನು ಇನ್ನು ಮಾಡ್ಲಿಕ್ಕೆ ಎಂತ ಉಂಟು?” ಎಂದು ನಕ್ಕರು. ಟೀಚರ್ ನಗಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು, “ಉಂಟು” ಎಂದರು. ಕುಲಶೇಖರದಲ್ಲಿ ಸಿಕ್ಕಿದ್ದೆಲ್ಲ ನೆಲ್ಲಿಕಾಯಿ, ಅಡಿಕೆಯ ಗಾತ್ರ. ಅತ್ತಾವರದಲ್ಲಿ ಮುಷ್ಟಿಗಾತ್ರ. ಹೊಗೆಯ ಗೆರೆ ಹೋದದ್ದು ಅದೇ ದಿಕ್ಕಿಗೆ. ಒಡೆದ ಕಲ್ಲಿನಲ್ಲಿ ಚಿಕ್ಕ ಚೂರುಗಳು ಗಾಳಿಗೆ ಸೋತು ಬೇಗ ಬೀಳುತ್ತವೆ. ದೊಡ್ಡದು ಎಲ್ಲಕ್ಕಿಂತ ಮುಂದೆ ಹೋಗುತ್ತದೆ. ಹಾಗಾದರೆ ಎಲ್ಲಕ್ಕಿಂತ ದೊಡ್ಡದು ಅತ್ತಾವರವನ್ನು ದಾಟಿ ಬೋಳಾರದ ಕಡೆ ಎಲ್ಲೋ ಬಿದ್ದಿರಬೇಕು.

“ಬೋಳಾರದಲ್ಲಿ ಯಾರಿಗೂ ಸಿಕ್ಕಿಲ್ಲ ಅಂತೀರಿ” ಎಂದರು ಮೋಹನದಾಸರು.

“ಸಿಕ್ಕಿಲ್ಲ. ಬೋಳಾರ ಮುಗಿದ ಮೇಲೆ ಹೊಳೆ.”

ಇಬ್ಬರೂ ಬೋಳಾರಕ್ಕೆ ಹೋದರು. ಮಂಗಳಾದೇವಿ ಗುಡಿಯ ಆಚೆ ಇಳಿದರೆ ನೇತ್ರಾವತಿಯ ದಂಡೆ. ಹಂಚಿನ ಕಾರ್ಖಾನೆಗಳಿಗೆ ಆವೆಮಣ್ಣು ತರುವ ದೋಣಿಗಳು ನಿಲ್ಲುವ ಜಾಗ. ಕಲ್ಲು ಬಿದ್ದ ಮಧ್ಯಾಹ್ನ ಎಲ್ಲರೂ ಕೆಲಸದಲ್ಲಿದ್ದರು, ಸದ್ದು ಕೇಳಿ ಮೇಲೆ ನೋಡಿದ್ದರು, ನೀರನ್ನು ಯಾರೂ ನೋಡಿರಲಿಲ್ಲ. ಕೊನೆಗೆ ದೋಣಿಯವನೊಬ್ಬ, “ಬೀಫಾತಿಮ್ಮನನ್ನು ಕೇಳಿ. ಅವರು ಯಾವಾಗಲೂ ಹೊಳೆಯನ್ನೇ ನೋಡುವುದು” ಎಂದ.

ಬೀಫಾತಿಮ್ಮ ದಂಡೆಯ ಗುಡಿಸಲಿನ ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತಿದ್ದರು. ಮಡಿಲಲ್ಲಿ ಎಲೆ ತುಂಬಿದ ಮೊರ, ಅಲ್ಲಿಯ ಮಾತಿನಲ್ಲಿ ತಡ್ಪೆ; ಪಕ್ಕದಲ್ಲಿ ಆಡುತ್ತಿದ್ದ ಚಿಕ್ಕ ಮಗಳು ನಾಝಿಮಾ. ಬೀಫಾತಿಮ್ಮ ಟೀಚರ್ ವಯಸ್ಸಿನವರೇ. ಬೆರಳು ತಾನಾಗಿ ಬೀಡಿ ಸುತ್ತುತ್ತಿತ್ತು, ಕಣ್ಣು ಮಾತ್ರ ಹೊಳೆ ಸಮುದ್ರ ಸೇರುವ ಅಳಿವೆಯ ಕಡೆಗಿತ್ತು. ಗಂಡ ಅಯ್ಯೂಬ್ ಮಂಜಿಯಲ್ಲಿ, ಎಂದರೆ ಹಂಚು, ಅಕ್ಕಿ ಹೇರಿಕೊಂಡು ದ್ವೀಪಗಳಿಗೆ ಹೋಗುವ ಹಾಯಿಹಡಗಿನಲ್ಲಿ, ಕೆಲಸಗಾರ. ಹಿಂದಿನ ಮಳೆಗಾಲ ಮುಗಿದೊಡನೆ ಹೋದ ಮಂಜಿ ದ್ವೀಪಕ್ಕೂ ತಲುಪಲಿಲ್ಲ, ಹಿಂದಕ್ಕೂ ಬರಲಿಲ್ಲ. ಒಡೆದ ಹಲಗೆಯೊಂದೂ ಎಲ್ಲಿಯೂ ದಡ ಸೇರಲಿಲ್ಲ.

ಅವರ ಮಾತು ತುಳುವಿನಲ್ಲಿ ನಡೆಯಿತು. ನನಗೆ ಇಬ್ಬರೂ ಆಮೇಲೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೀಫಾತಿಮ್ಮ ಟೀಚರನ್ನು ಬಾಯಮ್ಮ ಎಂದು ಕರೆಯುತ್ತಿದ್ದರು, ಕ್ರಿಶ್ಚನ್ ಹೆಂಗಸರಿಗೆ ನಮ್ಮ ಕಡೆ ಹಾಗೆನ್ನುವುದು.

“ನೋಡಿದ್ದೇನೆ ಬಾಯಮ್ಮ. ಎಲ್ಲರೂ ಆಕಾಶ ನೋಡಿದ್ರು. ನಾನು ಅಳಿವೆಯಲ್ಲಿ ಒಂದು ಹಾಯಿ ಕಂಡ ಹಾಗೆ ಆಗಿ ಅದನ್ನೇ ನೋಡ್ತಿದ್ದೆ. ಆಗ ಇಲ್ಲಿ, ಆ ಕುದ್ರುವಿನ ಈಚೆ, ನೀರು ಎದ್ದು ನಿಂತಿತು. ಒಂದು ತೆಂಗಿನ ಮರದಷ್ಟು.”

“ಯಾರಿಗೂ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು? ನಾನು ನೀರಲ್ಲಿ ಏನೋ ಕಂಡೆ ಅಂದ್ರೆ ಜನ ಬೇರೆಯೇ ಅರ್ಥ ಮಾಡ್ತಾರೆ.”

ಕುದ್ರು ಎಂದರೆ ಹೊಳೆಯ ನಡುವಿನ ತೆಂಗಿನ ದ್ವೀಪ. ಇಳಿತದ ಹೊತ್ತಿನಲ್ಲಿ ಮೋಹನದಾಸರು ಎರಡು ದೋಣಿ ಗೊತ್ತುಮಾಡಿದರು. ಬೀಫಾತಿಮ್ಮ ದಂಡೆಯಲ್ಲಿ ನಿಂತು ಕೈಯಾಡಿಸಿ ಜಾಗ ತೋರಿಸಿದರು. ದೋಣಿಯವರು ಉದ್ದದ ಬಿದಿರಿನಿಂದ ಕೆಸರನ್ನು ಚುಚ್ಚಿ ಚುಚ್ಚಿ ನೋಡಿದರು. ಟೀಚರ್ ಸೀರೆ ಎತ್ತಿಕಟ್ಟಿ ತಾವೂ ಒಂದು ಬಿದಿರು ಹಿಡಿದರು. ದಂಡೆಯಲ್ಲಿ ಜನ ಸೇರಿ ನಗುತ್ತಿದ್ದರಂತೆ. ಅವರಿಗೆ ಅದು ತಿಳಿಯಲೇ ಇಲ್ಲ. ವಾರವಿಡೀ ಹುಡುಕಿದರು. ಬಿದಿರು ಎಲ್ಲಿ ಊರಿದರೂ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು.

ಆ ವಾರದ ಬಗ್ಗೆ ಟೀಚರ್ ನನಗೆ ಹೇಳಿದ್ದು ಇಷ್ಟೇ: “ಬೆಳಿಗ್ಗೆ ಎದ್ದಾಗ, ಇವತ್ತು ಎಂತ ಮಾಡ್ಬೇಕು ಅಂತ ಯೋಚಿಸುವ ಅಗತ್ಯ ಇರ್ಲಿಲ್ಲ. ಅದು ಎಂಥ ಸುಖ ಗೊತ್ತುಂಟಾ?”

ಕೊನೆಗೆ ಮೋಹನದಾಸರು ಹೊರಡಬೇಕಾಯಿತು. ಕಲ್ಲುಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟರು. ಅಕ್ಕಿಯ ಚಾಪೆಗೆ ಬಿದ್ದಿದ್ದ ಮೊದಲನೆಯದನ್ನು ಟೀಚರ್ ಕೊನೆಗೆ ಕೊಟ್ಟರು.

“ಒಂದನ್ನು ಇಟ್ಟುಕೊಳ್ಳಿ ಅಂತ ಹೇಳುವ ಅಧಿಕಾರ ನನಗಿಲ್ಲ, ಮಟಿಲ್ಡಾ.”

“ಗೊತ್ತುಂಟು. ಇಲ್ಲಿದ್ರೆ ಅದು ಉಳಿಯುವುದೂ ಇಲ್ಲ.”

“ನೀರಿಗೆ ಬಿದ್ದದ್ದನ್ನು ಮರೆತುಬಿಡಿ. ಉಪ್ಪುನೀರು ಅದನ್ನು ತಿಂದುಹಾಕ್ತದೆ.”

ಪೆಟ್ಟಿಗೆ ಹೊತ್ತ ಕುದುರೆಗಾಡಿ ಕುಲಶೇಖರದ ಇಳಿಜಾರಿನಲ್ಲಿ ಮರೆಯಾಗುವವರೆಗೂ ಟೀಚರ್ ಗೇಟಿನ ಬಳಿ ನಿಂತಿದ್ದರು.

ಮುಂದಿನ ಭಾನುವಾರ ಪೂಜೆ ಮುಗಿಸಿ ಅವರು ಬಸ್ಸು ಹಿಡಿದು ಪೇಟೆಗೆ ಬಂದು, ಅಲ್ಲಿಂದ ಬೋಳಾರಕ್ಕೆ ನಡೆದರು. ಅದರ ಮುಂದಿನ ಭಾನುವಾರವೂ. ಇಳಿತವಿದ್ದರೆ ದಂಡೆಯ ಕೆಸರಿನಲ್ಲಿ ಕೋಲಾಡಿಸುತ್ತಿದ್ದರು. ಭರತವಿದ್ದರೆ ಬೀಫಾತಿಮ್ಮನ ಜಗಲಿಯಲ್ಲಿ ಕುಳಿತು ಕುದ್ರುವಿನ ಈಚೆಯ ನೀರನ್ನು ನೋಡುತ್ತಿದ್ದರು. ಬೀಫಾತಿಮ್ಮ ಅಳಿವೆಯನ್ನು ನೋಡುತ್ತಿದ್ದರು. ಮೊದಮೊದಲು ಮಾತು ಕಡಿಮೆ. ಆಮೇಲೆ ಟೀಚರ್ ಬೀಡಿ ಎಲೆ ಕತ್ತರಿಸಲು ಕಲಿತರು. ಬೀಫಾತಿಮ್ಮ ಕಲ್ಲಿನ ವಿಷಯ ಕಲಿತರು: ಹೊರಗೆ ಸುಟ್ಟ ಸಿಪ್ಪೆ, ಒಳಗೆ ಬೂದಿಬಣ್ಣ, ಬೂದಿಯೊಳಗೆ ಮಿನುಗು, ಎತ್ತಿದರೆ ಕೈ ಜಗ್ಗುವ ಭಾರ. ನಾಝಿಮಾಳನ್ನು ಟೀಚರೇ ಶಾಲೆಗೆ ಸೇರಿಸಿದರು.

“ನಿಮ್ಮ ಕಲ್ಲಾದ್ರೂ ಬಿದ್ದ ಜಾಗ ಗೊತ್ತುಂಟು ಬಾಯಮ್ಮ” ಎಂದು ಬೀಫಾತಿಮ್ಮ ಒಮ್ಮೆ ಹೇಳಿದರಂತೆ. “ನನಗೆ ಎಲ್ಲಿ ನೋಡಬೇಕು ಅಂತಲೂ ಗೊತ್ತಿಲ್ಲ. ಅದಕ್ಕೇ ಅಳಿವೆ ನೋಡುವುದು. ಬರುವುದಾದರೆ ಅಲ್ಲಿಂದಲೇ ಬರಬೇಕಲ್ಲ.”

ವರ್ಷಗಳು ಹೋದವು. ಗೆರ್ಟ್ರೂಡ್ ಬಾಯಿಗೆ ಕಣ್ಣು ಮಂಜಾಯಿತು. ಗಂಡುಗಳ ಮಾತು ನಿಂತಿತು. ನಾನು ಶಾಲೆ ಮುಗಿಸಿ ಕಾಲೇಜಿಗೆ ಹೋದೆ, ಟೀಚರ ಮನೆಗೆ ಹೋಗಿಬರುತ್ತಲೇ ಇದ್ದೆ. ಕುಲಶೇಖರದಲ್ಲಿ ಕೆಲವರು ಅವರಿಗೆ ತಲೆ ಸರಿಯಿಲ್ಲವೆಂದರು. ಬೋಳಾರದಲ್ಲಿ ಬೀಫಾತಿಮ್ಮನ ಬಗ್ಗೆಯೂ ಜನ ಅದನ್ನೇ ಹೇಳುತ್ತಿದ್ದರು.

೧೯೬೪ರ ಬೇಸಗೆಯಲ್ಲಿ ಹೊಳೆ ತುಂಬ ಬತ್ತಿತು. ಆವೆಮಣ್ಣಿನ ದೋಣಿಗಳು ದೂರ ಹೋಗದೆ ಕುದ್ರುವಿನ ಬದಿಯಲ್ಲೇ ಅಗೆಯತೊಡಗಿದವು. ಶಾಲೆಗೆ ರಜೆ ಸಿಗಲು ಇನ್ನೂ ಸ್ವಲ್ಪ ದಿನವಿತ್ತು. ಒಂದು ಬೆಳಿಗ್ಗೆ ಟೀಚರ್ ಪರೀಕ್ಷೆಯ ಹಾಲಿನಲ್ಲಿದ್ದಾಗ, ಬೋಳಾರದಿಂದ ಒಬ್ಬ ದೋಣಿಯವನು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ.

“ಟೀಚರ್ರೇ, ಬೇಗ ಬರ್ಬೇಕಂತೆ. ಬೀಫಾತಿಮ್ಮ ಕಲ್ಲಿನ ಮೇಲೆ ಕೂತಿದ್ದಾರೆ. ಏಳುದಿಲ್ಲ ಅಂತ ಹಟ.”

ಆದದ್ದು ಹೀಗೆ. ದೋಣಿಯಿಂದ ಮಣ್ಣು ಇಳಿಸುವವರು, ಮಣ್ಣಿನೊಳಗೆ ಸಿಕ್ಕಿದ ಕಲ್ಲೊಂದನ್ನು ಇಬ್ಬರು ಸೇರಿ ಎತ್ತಿ ದಂಡೆಗೆ ಎಸೆದರು. ಅದು ಬಿದ್ದ ಸದ್ದು ಬೀಫಾತಿಮ್ಮನ ಕಿವಿಗೆ ಬಿತ್ತು. ಆ ಗಾತ್ರದ ಕಲ್ಲಿಗೆ ಅಷ್ಟು ಸದ್ದು ಯಾಕೆಂದು ತಡ್ಪೆ ಕೆಳಗಿಟ್ಟು ಇಳಿದುಬಂದರು. ಕಲ್ಲು ತುಕ್ಕು ಹಿಡಿದು ಕಂದಾಗಿತ್ತು. ಗುದ್ದಲಿಯ ಪೆಟ್ಟಿಗೆ ಹಾರಿಹೋದ ಮೂಲೆಯಲ್ಲಿ ಬೂದುಬಣ್ಣ, ಅದರೊಳಗೆ ಮಿನುಗು. ದೋಣಿಯ ಹಗ್ಗ ಕಟ್ಟಲಿಕ್ಕೆ ಒಳ್ಳೆಯದಾಯಿತೆಂದು ಆಳುಗಳು ಅದನ್ನು ಎಳೆಯಲು ಬಂದಾಗ ಬೀಫಾತಿಮ್ಮ ಅದರ ಮೇಲೆ ಕುಳಿತುಬಿಟ್ಟರು. ಮೇಸ್ತ್ರಿ ಬಂದು ಬೈದ. ಅವರು ಅಲುಗಲಿಲ್ಲ.

ಟೀಚರ್ ಬಂದಾಗಲೂ ಅವರು ಬಿಸಿಲಿನಲ್ಲಿ ಹಾಗೆಯೇ ಕುಳಿತಿದ್ದರು. ಟೀಚರನ್ನು ಕಂಡು ಎದ್ದು ಸರಿದರು. ಟೀಚರ್ ಮಂಡಿಯೂರಿ ಆ ಮೂಲೆಯನ್ನು ಸೆರಗಿನಿಂದ ಒರೆಸಿ ನೋಡಿದರು. ಕಲ್ಲನ್ನು ಎರಡೂ ಕೈಯಿಂದ ತಬ್ಬಿ ಅದರ ಮೇಲೆ ಹಣೆಯಿಟ್ಟರು. ಅಲ್ಲಿದ್ದ ಯಾರೂ ಆ ಹೊತ್ತು ನಗಲಿಲ್ಲವಂತೆ.

“ಅದೇ ಅಲ್ವಾ ಬಾಯಮ್ಮ?”

“ಅದೇ ಬೀಫಾತಿಮ್ಮ. ಅದೇ.”

ಬೀಫಾತಿಮ್ಮನ ಮುಖ ಅರಳಿತು. ಆಮೇಲೆ ಅವರು ನಿಧಾನವಾಗಿ, ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ಇಷ್ಟು ವರ್ಷ ನೀರಿನಲ್ಲಿದ್ದದ್ದು ಬಂತಲ್ಲ.”

ಟೀಚರಿಗೆ ಆ ಮಾತು ಆಗ ಪೂರ್ತಿ ಕೇಳಿಸಲಿಲ್ಲ. ಅವರು ಸಂತೋಷದಲ್ಲಿದ್ದರು. ತಂತಿ ಕೊಟ್ಟರು, ಮೋಹನದಾಸರು ಮದರಾಸಿನಿಂದ ಓಡಿಬಂದರು. ಈ ಸಲ ಅವರು ಇಲಾಖೆಯ ಅನುಮತಿ ತಂದಿದ್ದರು: ಕಲ್ಲಿನ ಜೊತೆ ಟೀಚರೂ ಕಲ್ಕತ್ತೆಗೆ ಬರಬಹುದು, ಅದನ್ನು ಕೊಯ್ದು ನೋಡುವಾಗ ಜೊತೆಗಿರಬಹುದು. ಗೆರ್ಟ್ರೂಡ್ ಬಾಯಿಯನ್ನು ನೋಡಿಕೊಳ್ಳಲು ನಾನು ಒಪ್ಪಿಕೊಂಡೆ.

ಹೊರಡುವ ಮುನ್ನಾದಿನ ಟೀಚರ್ ಬೋಳಾರಕ್ಕೆ ಹೇಳಿಬರಲು ಹೋದರು. ದಾರಿಯಲ್ಲಿ ಬೀಫಾತಿಮ್ಮನ ಅಣ್ಣ ಎದುರಾಗಿ, ಸಿಟ್ಟೂ ಸಂಕಟವೂ ಸೇರಿದ ಸ್ವರದಲ್ಲಿ ವಿಷಯ ತಿಳಿಸಿದರು. ಗಂಡನ ಸುದ್ದಿಯಿಲ್ಲದೆ ವರ್ಷಗಳು ಕಳೆದದ್ದರಿಂದ ಇನ್ನೊಂದು ನಿಕಾಹ್‌ಗೆ ಅಡ್ಡಿಯಿಲ್ಲವೆಂದು ಮಸೀದಿಯವರು ಹೇಳಿದ್ದರು. ಉಳ್ಳಾಲದ ಕಡೆ ಒಳ್ಳೆಯ ಮನುಷ್ಯ, ಹೆಂಡತಿ ತೀರಿದವರು. ತುಂಬ ಹೇಳಿದ ಮೇಲೆ ತಂಗಿ ಅರೆಮನಸ್ಸಿನಿಂದ ಹೂಂ ಎಂದಿದ್ದಳು. ಕಲ್ಲು ಸಿಕ್ಕಿದ ಸಂಜೆ ಬೇಡವೆಂದುಬಿಟ್ಟಳು.

“ಕಲ್ಲು ಬಂತು, ಅವರೂ ಬರಬಹುದು ಅಂತಾಳೆ. ನೀವು ಓದಿದವರು. ನೀವಾದರೂ ಹೇಳಿ.”

ಟೀಚರ್ ಬೀಫಾತಿಮ್ಮನ ಜಗಲಿಯಲ್ಲಿ ಕುಳಿತು ಒಂದಷ್ಟು ಬೀಡಿ ಎಲೆ ಕತ್ತರಿಸಿದರು.

“ಬೀಫಾತಿಮ್ಮ, ಕಲ್ಲು ಬಂದದ್ದಲ್ಲ. ಅದು ಬಿದ್ದಲ್ಲೇ ಇತ್ತು. ನಾವು ಅದರ ಹತ್ತಿರ ಹೋದದ್ದು, ಅಷ್ಟೇ. ಕಡಲು ಹಾಗಲ್ಲ.”

“ನನಗೆ ಗೊತ್ತಿಲ್ವಾ?” ಬೀಫಾತಿಮ್ಮ ತಲೆಯೆತ್ತಲಿಲ್ಲ. “ಅಣ್ಣ ಹೇಳಿ ಕಳಿಸಿದ್ನಾ?”

“ಹೌದು. ಆದರೆ ನನಗೂ ಅನಿಸ್ತದೆ. ನನ್ನ ಕಲ್ಲಿನ ದೆಸೆಯಿಂದ ನಿಮ್ಮ ಬದುಕು ನಿಲ್ಲಬಾರದು.”

“ನಿಮ್ಮ ಕಲ್ಲಿನಿಂದ ಅಲ್ಲ ಬಾಯಮ್ಮ. ಹೂಂ ಅಂದ ದಿನದಿಂದ ನನಗೆ ಊಟ ಸೇರ್ತಿರ್ಲಿಲ್ಲ. ಹೇಳ್ಲಿಕ್ಕೆ ಒಂದು ಕಾರಣ ಬೇಕಿತ್ತು, ಕಲ್ಲು ಸಿಕ್ಕಿತು, ಹೇಳಿದೆ.” ಅವರು ಕೈಯ ಬೀಡಿಗೆ ನೂಲು ಸುತ್ತಿ ಬದಿಗಿಟ್ಟರು. “ನಿಮಗೂ ಎಲ್ಲರೂ ಹೇಳಿದ್ರು, ಇನ್ನು ಸಿಗುದಿಲ್ಲ ಅಂತ. ಆ ಸಾಹೇಬರೂ ಹೇಳಿದ್ರು. ನಿಮ್ಮನ್ನು ನಾನು ಒಂದು ದಿನವಾದರೂ, ಇನ್ನು ಬರಬೇಡಿ ಅಂತ ಹೇಳಿದ್ದೇನಾ?”

ಟೀಚರ್ ಅವರ ಕೈ ಹಿಡಿದುಕೊಂಡರು.

ಕಲ್ಕತ್ತೆಯಲ್ಲಿ ಕಲ್ಲನ್ನು ಕೊಯ್ಯಲು ಎರಡು ದಿನ ಹಿಡಿಯಿತು. ಗರಗಸದ ಮೇಲೆ ಸಣ್ಣಗೆ ಎಣ್ಣೆ ಸುರಿಯುತ್ತ, ನಿಧಾನವಾಗಿ. ಹೊರಗಿನ ಮೂರು ಬೆರಳಿನಷ್ಟು ತುಕ್ಕು ತಿಂದಿತ್ತು. ಒಳಗಿನದನ್ನು ಹೊಳೆಯ ಕೆಸರು ಕಾಪಾಡಿತ್ತು. ಉಜ್ಜಿ ನಯಮಾಡಿದ ಆ ಮುಖದ ತುಂಬ ಬೂದಿಯ ನಡುವೆ ಬೆಳ್ಳಿಬಿಳುಪಿನ ಕಬ್ಬಿಣ ಹರಡಿಕೊಂಡಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಸಿವೆಯಂಥ ದುಂಡು ಹನಿಗಳು. ಎಂದೋ ಕರಗಿ ಹನಿಯಾಗಿ ಹಾಗೆಯೇ ಗಟ್ಟಿಯಾದವು. ಭೂಮಿಯ ಬಂಡೆಗಳೆಲ್ಲ ಇದರ ಮುಂದೆ ಮೊನ್ನೆಯವು ಎಂದು ಅಲ್ಲಿಯ ಹಿರಿಯರು ಹೇಳಿದರು. ಸಂಗ್ರಹದ ಡ್ರಾಯರಿನಲ್ಲಿ ಕುಲಶೇಖರದ ಕಲ್ಲುಗಳೂ ಇದ್ದವು. ಅಕ್ಕಿಯ ಚಾಪೆಯದನ್ನು ಟೀಚರ್ ಗುರುತಿಸಿದರು, ತುಕ್ಕು ಹಿಡಿದಿರಲಿಲ್ಲ.

ಬರುವ ದಿನ ಕಚೇರಿಯ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಎದುರಾದಳು. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸು, ಕಾಲಿಗೆ ದಪ್ಪ ಬೂಟು, ಹೆಗಲಲ್ಲಿ ಚೀಲ, ಕೈಯಲ್ಲಿ ಸುತ್ತಿಗೆ. ಹೊಸದಾಗಿ ಸೇರಿದವಳು, ಬಿಹಾರದ ಬೆಟ್ಟಗಳಿಗೆ ಕ್ಯಾಂಪಿಗೆ ಹೊರಟಿದ್ದಳು. ಅವಸರದಲ್ಲಿ ಟೀಚರಿಗೆ ತಾಗಿ, ನಕ್ಕು, ಕ್ಷಮೆ ಕೇಳಿ ಓಡಿದಳು. ಟೀಚರ್ ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಂತರು. ಮೋಹನದಾಸರಿಗೆ ಅರ್ಥವಾಯಿತು. “ಹೊತ್ತಾಯ್ತು, ಟ್ರೈನಿಗೆ” ಎಂದಷ್ಟೇ ಹೇಳಿದರು. ರೈಲಿನಲ್ಲಿ ಒರಿಸ್ಸಾ ದಾಟುವವರೆಗೂ ಟೀಚರ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗುಡ್ಡಗಳು ಬಂದಾಗಲೆಲ್ಲ ಅವು ಯಾವ ಬಂಡೆಯವೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರಂತೆ.

ಊರಿಗೆ ಬಂದ ಮೊದಲ ಭಾನುವಾರ ಬೋಳಾರಕ್ಕೆ ಹೋದರು. ಆ ದಿನ ನಾನೂ ಜೊತೆಗಿದ್ದೆ. ಕಲ್ಲಿನೊಳಗೆ ಏನು ಕಂಡಿತು ಎಂದು ಬೀಫಾತಿಮ್ಮ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದರು.

“ಅಷ್ಟು ಹಳೆಯದಾ? ಅಷ್ಟು ಕಾಲ ಆಕಾಶದಲ್ಲಿ ಒಂದೇ ತಿರುಗ್ತಾ ಇತ್ತಾ ಅದು?”

“ಒಂದೇ ಅಲ್ಲ. ಅಂಥದ್ದು ಲೆಕ್ಕವಿಲ್ಲದಷ್ಟು ಉಂಟಂತೆ. ಆದರೆ ಒಂದಕ್ಕೊಂದು ಬಹಳ ದೂರ.”

ಬೀಫಾತಿಮ್ಮ ಅದನ್ನೇ ಯೋಚಿಸುತ್ತ ಕುಳಿತರು. ನಾನು ಕೇಳಬಾರದ್ದನ್ನು ಕೇಳಿದೆ: “ಟೀಚರ್, ಕಲ್ಲು ಸಿಕ್ಕಿ ಆಯ್ತಲ್ಲ. ಇನ್ನೂ ಯಾಕೆ ಪ್ರತಿ ವಾರ ಇಲ್ಲಿಗೆ?”

ಟೀಚರ್ ನನ್ನತ್ತ ನೋಡಿದರು. “ಬೀಫಾತಿಮ್ಮನದ್ದು ಇನ್ನೂ ಸಿಗ್ಲಿಲ್ಲ ಅಲ್ವಾ?” ಎಂದರು.

ಅಯ್ಯೂಬ್ ಬರಲಿಲ್ಲ. ನಾಝಿಮಾ ಎಸ್.ಎಸ್.ಎಲ್.ಸಿ. ಮುಗಿಸಿ ನರ್ಸಿಂಗ್ ಸೇರಿದಳು. ಗೆರ್ಟ್ರೂಡ್ ಬಾಯಿ ೧೯೬೭ರಲ್ಲಿ ತೀರಿಕೊಂಡರು. ನನಗೆ ಮದುವೆಯಾಗಿ ಉಡುಪಿಗೆ ಹೋದ ಮೇಲೆ ಟೀಚರನ್ನು ಕಾಣುವುದು ಅಪರೂಪವಾಯಿತು. ೧೯೬೯ರ ಮಳೆಗಾಲ ಮುಗಿದಿತ್ತು. ಒಂದು ಭಾನುವಾರ ಊರಿಗೆ ಬಂದವಳು ಕುಲಶೇಖರದ ಮನೆಗೆ ಬೀಗ ಕಂಡು ಸೀದಾ ಬೋಳಾರಕ್ಕೆ ಹೋದೆ. ಇಬ್ಬರೂ ಜಗಲಿಯಲ್ಲಿದ್ದರು. ಇಬ್ಬರ ತಲೆಯಲ್ಲೂ ಅಲ್ಲಲ್ಲಿ ಬಿಳಿಗೂದಲು. ಹೊಳೆಯಲ್ಲಿ ಕೆಂಪು ನೀರು ಇಳಿಯುತ್ತಿತ್ತು. ಅಳಿವೆಯಲ್ಲಿ ವರ್ಷದ ಮೊದಲ ಮಂಜಿಯೊಂದರ ಹಾಯಿ ಕಾಣಿಸಿತು. ಬೀಫಾತಿಮ್ಮ ತಡ್ಪೆಯನ್ನು ಕೆಳಗಿಟ್ಟು ಎದ್ದು ನಿಂತರು. ಟೀಚರೂ ಎದ್ದು, ಕನ್ನಡಕ ಸರಿಮಾಡಿಕೊಂಡು, ಅವರ ಪಕ್ಕದಲ್ಲಿ ನಿಂತು ನೋಡತೊಡಗಿದರು.